ಮೊನಾಡ್ನಾಕ್ ಬೆಟ್ಟದಲ್ಲಿ ವಸಂತ: ಹೊರಡುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಸ್ಟನ್, ನ್ಯಾಶುವಾ ಸುತ್ತಮುತ್ತ ಇರುವ ನಮ್ಮವರಲ್ಲಿ ಅನೇಕರು ಅಮೆರಿಕದಲ್ಲಿ ಹತ್ತುವ ಮೊದಲ ಬೆಟ್ಟ ಮೊನಾಡ್ನಾಕ್. ಬೇಸಿಗೆಯಲ್ಲಿ ಒಮ್ಮೆ ಹೋಗಿಬಂದವರಿಗೆ ಅದು ಗೊತ್ತಿರುವ ಜಾಗ ಅನ್ನಿಸುತ್ತದೆ. ಆದರೆ ಮಾರ್ಚ್ ಕೊನೆಯಿಂದ ಜೂನ್ ಮಧ್ಯದವರೆಗೆ ಅದೇ ದಾರಿಯಲ್ಲಿ ಐಸ್, ನೀರು, ಕೆಸರು, ನೊರಜು ಎಲ್ಲ ಒಂದಾದ ಮೇಲೊಂದು ಬರುತ್ತವೆ. ಆ ದಿನಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಈ ಬೆಟ್ಟ ಎಲ್ಲಿದೆ, ಹತ್ತಿ ಇಳಿಯುವ ದಾರಿ ಎಷ್ಟು ಉದ್ದ?

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ದಕ್ಷಿಣ ಭಾಗದಲ್ಲಿ, ಜಾಫ್ರಿ ಅನ್ನುವ ಊರಿನ ಪಕ್ಕ. ಬಾಸ್ಟನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಬೆಟ್ಟಕ್ಕೆ ಹಲವು ಕಡೆಯಿಂದ ಟ್ರೇಲ್‌ಗಳಿವೆ. ಹೆಚ್ಚು ಜನ ಹೋಗುವುದು ಸ್ಟೇಟ್ ಪಾರ್ಕ್‌ನ ಮುಖ್ಯ ಪಾರ್ಕಿಂಗ್‌ನಿಂದ ವೈಟ್ ಡಾಟ್ ಟ್ರೇಲ್ ಹತ್ತಿ, ವೈಟ್ ಕ್ರಾಸ್ ಟ್ರೇಲ್ ಇಳಿಯುವ ಲೂಪ್. ಇಲ್ಲಿ ಹೇಳುವುದೆಲ್ಲ ಅದರ ಬಗ್ಗೆಯೇ.

ಬೆಟ್ಟದ ಎತ್ತರ 3,165 ಅಡಿ. ನೀವು ಕಾರು ನಿಲ್ಲಿಸುವ ಜಾಗದಿಂದ ಸುಮಾರು 1,800 ಅಡಿ ಏರಬೇಕು. ಹೋಗಿ ಬರಲು ಒಟ್ಟು 4 ಮೈಲಿ. ನಾಲ್ಕೇ ಮೈಲಿ ತಾನೇ ಅಂತ ಹಗುರವಾಗಿ ತಗೋಬೇಡಿ. ಅರ್ಧಕ್ಕಿಂತ ಮೇಲೆ ನಡೆಯುವುದಕ್ಕಿಂತ ಬಂಡೆ ಹತ್ತುವುದೇ ಜಾಸ್ತಿ. ಬೇಸಿಗೆಯಲ್ಲಿ ನಾಲ್ಕು ಗಂಟೆ ಸಾಕಾದರೆ ವಸಂತದಲ್ಲಿ ಐದಾರು ಗಂಟೆ ಇಟ್ಟುಕೊಳ್ಳಿ.

ಏಪ್ರಿಲ್ ಬಂತು. ನಮ್ಮ ಮನೆ ಹತ್ತಿರ ಹಿಮ ಪೂರ್ತಿ ಕರಗಿದೆ. ಬೆಟ್ಟದಲ್ಲೂ ಕರಗಿರುತ್ತದೆ ಅಲ್ವಾ?

ಇಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ. ಊರಿನ ವಸಂತಕ್ಕೂ ಬೆಟ್ಟದ ವಸಂತಕ್ಕೂ ಹಲವು ವಾರಗಳ ಅಂತರ ಇರುತ್ತದೆ.

ಸಾವಿರ ಅಡಿ ಏರಿದರೆ ಸುಮಾರು 3ರಿಂದ 5 ಡಿಗ್ರಿ ಫ್ಯಾರನ್‌ಹೀಟ್ ಚಳಿ ಹೆಚ್ಚಾಗುತ್ತದೆ. ಅದು ಒಂದು ಕಾರಣ ಅಷ್ಟೇ. ದೊಡ್ಡ ಕಾರಣ ಕಾಡು. ಕೆಳಗೆ ಬೀಚ್, ಮೇಪಲ್, ಓಕ್ ಮರಗಳಿವೆ. ಅವಕ್ಕೆ ಏಪ್ರಿಲ್‌ನಲ್ಲಿ ಎಲೆ ಇರುವುದಿಲ್ಲ. ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ, ಹಿಮ ಬೇಗ ಹೋಗುತ್ತದೆ. ಮೇಲೆ ಹೋದಂತೆ ಸ್ಪ್ರೂಸ್ ಮರಗಳು ಶುರುವಾಗುತ್ತವೆ. ಅವು ಎಲೆ ಉದುರಿಸುವ ಜಾತಿಯಲ್ಲ. ಅವುಗಳ ನೆರಳಲ್ಲಿ ಹಿಮ ತಿಂಗಳುಗಟ್ಟಲೆ ಕೂರುತ್ತದೆ.

ಇನ್ನೊಂದು ವಿಷಯ ಇದೆ, ಹೊಸಬರು ಎಡವುವುದು ಇಲ್ಲೇ. ಚಳಿಗಾಲವಿಡೀ ಜನ ಒಂದೇ ಸಾಲಿನಲ್ಲಿ ತುಳಿದು ತುಳಿದು ದಾರಿಯ ಹಿಮ ಗಟ್ಟಿಯಾಗಿರುತ್ತದೆ. ಅಕ್ಕಪಕ್ಕದ ಹಗುರ ಹಿಮ ಮೊದಲು ಕರಗುತ್ತದೆ, ತುಳಿದದ್ದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಕಾಡಿನ ತುಂಬ ಒಣ ಎಲೆ ಕಾಣುತ್ತಿರುತ್ತದೆ. ನೀವು ನಡೆಯಬೇಕಾದ ಕಡೆ ಮಾತ್ರ ಗದ್ದೆಯ ಬದುವಿನ ಹಾಗೆ ಉದ್ದಕ್ಕೂ ಐಸ್ ಎದ್ದು ನಿಂತಿರುತ್ತದೆ. ಇಲ್ಲಿನ ಚಾರಣಿಗರು ಇದನ್ನು ಮಾನೋರೈಲ್ ಅನ್ನುತ್ತಾರೆ. ಅದರ ಮೇಲೆ ಬೆಳಗ್ಗೆ ಗಾಜಿನಷ್ಟು ಜಾರಿಕೆ. ಮಧ್ಯಾಹ್ನದ ಹೊತ್ತಿಗೆ ಅಂಚು ಮೆತ್ತಗಾಗಿ ಕಾಲು ಮೊಣಕಾಲಿನವರೆಗೆ ಕುಸಿಯುತ್ತದೆ. ಕೆಳಗೆ ಕಲ್ಲಿನ ಸಂದಿ ಇದ್ದರೆ ಪಾದ ಉಳುಕುವುದು ಗ್ಯಾರಂಟಿ.

ಕಾರಿನಿಂದ ಇಳಿದಾಗ ಕಾಣುವ ಒಣ ನೆಲ ನೋಡಿ ಮೇಲಿನದ್ದನ್ನು ತೀರ್ಮಾನ ಮಾಡಬೇಡಿ.

ಹಾಗಾದರೆ ಯಾವ ತಿಂಗಳು ಒಳ್ಳೇದು?

ಮಾರ್ಚ್ ಅಂದರೆ ಚಳಿಗಾಲವೇ. ಸಾಮಾನು, ಬಟ್ಟೆ, ಮನಸ್ಸು ಮೂರೂ ಚಳಿಗಾಲಕ್ಕೆ ತಯಾರಿರಬೇಕು.

ಏಪ್ರಿಲ್ ಎಲ್ಲಕ್ಕಿಂತ ಕಷ್ಟದ ತಿಂಗಳು. ಕೆಳಗೆ ಕೆಸರು, ನಡುವೆ ಐಸ್, ಮೇಲೆ ಗಾಳಿ. ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಇದೇ ಹವೆಯಲ್ಲಿ ಮೇಪಲ್ ಮರಗಳಲ್ಲಿ ರಸ ಏರುವುದು. ಮಾರ್ಚ್‌ನಲ್ಲಿ ಜಾಫ್ರಿ ಕಡೆ ಹೋಗುವಾಗ ರಸ ಕಾಯಿಸುವ ಮನೆಗಳಿಂದ ಬಿಳಿ ಹಬೆ ಏಳುವುದು ಕಾಣುತ್ತದೆ. ಸುಮಾರು 40 ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಸಿರಪ್. ರಸ ಇಳಿಯುತ್ತಿದೆ ಅಂದರೆ ಬೆಟ್ಟದ ಬಂಡೆಗಳ ಮೇಲೆ ರಾತ್ರಿ ಐಸ್ ಕಟ್ಟುತ್ತಿದೆ ಅಂತಲೇ ಲೆಕ್ಕ.

ಮೇ ಮೊದಲ ವಾರ ನನಗೆ ತುಂಬ ಇಷ್ಟ. ಹಿಮ ಹೆಚ್ಚುಕಡಿಮೆ ಹೋಗಿರುತ್ತದೆ, ನೊರಜು ಇನ್ನೂ ಪೂರ್ತಿ ಎದ್ದಿರುವುದಿಲ್ಲ, ಕಾಡಿನಲ್ಲಿ ಹೂವು ಬಿಟ್ಟಿರುತ್ತವೆ. ಆದರೂ ನೆರಳಿನಲ್ಲಿ ಅಲ್ಲಲ್ಲಿ ಐಸ್ ಸಿಗಬಹುದು. ಆ ವಾರ ಮಳೆಯಾದರೆ ಬೇಜಾರು ಮಾಡಿಕೊಳ್ಳದೆ ಮುಂದಿನ ವಾರಕ್ಕೆ ಹಾಕಿ. ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ದಾರಿ ಚೆನ್ನಾಗಿರುತ್ತದೆ, ಆದರೆ ನೊರಜಿನ ಕಾಟ.

ಮೈಕ್ರೋಸ್ಪೈಕ್ಸ್ ಬೇಕೇ ಬೇಕಾ?

ಏಪ್ರಿಲ್ ಕೊನೆಯವರೆಗೂ ಚೀಲದಲ್ಲಿ ಇರಲೇಬೇಕು. ಶೂ ಮೇಲೆ ಎಳೆದು ಹಾಕಿಕೊಳ್ಳುವ ರಬ್ಬರ್ ಪಟ್ಟಿ, ಅಡಿಯಲ್ಲಿ ಸರಪಳಿಗೆ ಸಣ್ಣ ಉಕ್ಕಿನ ಹಲ್ಲುಗಳು. ಮನೆ ಮುಂದೆ ಹಿಮ ತೆಗೆಯುವಾಗ ಹಾಕುವ, ಸುರುಳಿ ತಂತಿ ಸುತ್ತಿದ ಅಗ್ಗದ ಸಾಮಾನು ಇದಕ್ಕೆ ಸಾಲದು. ಇಳಿಜಾರು ಬಂಡೆಯ ಐಸ್ ಮೇಲೆ ಅದು ಹಿಡಿಯುವುದಿಲ್ಲ.

ಹಾಕುವುದು ಯಾವಾಗ ಅನ್ನುವುದೂ ಮುಖ್ಯ. ಮೊದಲ ಐಸ್ ಕಂಡಾಗಲೇ, ಸಮತಟ್ಟಾದ ಜಾಗದಲ್ಲಿ ಕೂತು ಹಾಕಿಕೊಳ್ಳಿ. ಇನ್ನೆರಡು ಹೆಜ್ಜೆ ನೋಡೋಣ ಅಂತ ಹೋದರೆ ಕೂರಲು ಜಾಗವೇ ಇಲ್ಲದ ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ಬರೀ ಬಂಡೆ ಬಂದಾಗ ತೆಗೆಯಿರಿ. ಉಕ್ಕಿನ ಹಲ್ಲು ಒಣ ಕಲ್ಲಿನ ಮೇಲೆ ಜಾರುತ್ತದೆ. ತೆಗೆಯುವುದು ಹಾಕುವುದು ಬೇಸರದ ಕೆಲಸ ನಿಜ, ಆದರೆ ಏಪ್ರಿಲ್‌ನಲ್ಲಿ ಅದೇ ಅರ್ಧ ಕೆಲಸ.

ಎರಡು ಟ್ರೆಕ್ಕಿಂಗ್ ಕೋಲುಗಳಿದ್ದರೆ ಇಳಿಯುವಾಗ ಮಂಡಿಗೆ ಉಪಕಾರ.

ಯಾವುದರಲ್ಲಿ ಹತ್ತಬೇಕು, ಯಾವುದರಲ್ಲಿ ಇಳಿಯಬೇಕು?

ವೈಟ್ ಡಾಟ್ ಹತ್ತಿ, ವೈಟ್ ಕ್ರಾಸ್ ಇಳಿಯಿರಿ. ವೈಟ್ ಡಾಟ್ ಕಡಿದು. ಜಾರುವ ಬಂಡೆಯನ್ನು ಹತ್ತುವುದು ಇಳಿಯುವುದಕ್ಕಿಂತ ಸುಲಭ. ಹತ್ತುವಾಗ ಕೈ ಊರಬಹುದು, ಮುಂದಿನ ಹೆಜ್ಜೆ ಕಣ್ಣ ಮುಂದೆಯೇ ಇರುತ್ತದೆ.

ಮೊದಲ ಮುಕ್ಕಾಲು ಮೈಲಿ ಎರಡೂ ಒಂದೇ ದಾರಿ. ಫಾಲ್ಕನ್ ಸ್ಪ್ರಿಂಗ್ ಅನ್ನುವ ಒರತೆಯ ಹತ್ತಿರ ಬೇರೆಯಾಗುತ್ತವೆ. ಅಲ್ಲಿಂದ ವೈಟ್ ಡಾಟ್‌ನಲ್ಲಿ ನೇರ ಬಂಡೆ ಏರು ಶುರು. ಕರಗಿದ ನೀರು ಈ ಬಂಡೆಗಳ ಮೇಲೇ ಹರಿದು ಬರುತ್ತದೆ. ಒದ್ದೆ ಯಾವುದು, ತೆಳ್ಳಗೆ ಐಸ್ ಕಟ್ಟಿದ್ದು ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಕೋಲಿನ ತುದಿಯಿಂದ ಕುಟ್ಟಿ ನೋಡಿ. ಇಲ್ಲಿ ಕಷ್ಟ ಅನ್ನಿಸಿದರೆ ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಬೇಡಿ. ಫಾಲ್ಕನ್ ಸ್ಪ್ರಿಂಗ್‌ವರೆಗೆ ಇಳಿದು ವೈಟ್ ಕ್ರಾಸ್‌ನಲ್ಲಿ ಹತ್ತಿ, ಅದರಲ್ಲೇ ವಾಪಸ್ ಬನ್ನಿ.

ಗುರುತುಗಳನ್ನು ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಬಳಿದಿದ್ದಾರೆ. ಹಿಮ ಇದ್ದಾಗ ಅವು ಮುಚ್ಚಿಹೋಗಿರುತ್ತವೆ. ಮರಗಳು ಮುಗಿದ ಮೇಲೆ ಮಂಜು ಕವಿದರೆ ಮುಂದಿನ ಗುರುತು ಕಾಣುವವರೆಗೆ ಹಿಂದಿನದನ್ನು ಬಿಡಬೇಡಿ.

ಕೆಸರಿನ ಪಕ್ಕದಲ್ಲಿ ಸುತ್ತಿ ಹೋಗಬಾರದು ಅಂತಾರೆ. ಯಾಕೆ? ಶೂ ಹಾಳಾಗುತ್ತಲ್ಲ?

ಶೂ ತೊಳೆದರೆ ಸರಿಹೋಗುತ್ತದೆ. ದಾರಿ ಹಾಗಲ್ಲ.

ವಸಂತದಲ್ಲಿ ಮಣ್ಣಿನ ಮೇಲ್ಪದರ ಕರಗಿರುತ್ತದೆ, ಕೆಳಗಿನದು ಇನ್ನೂ ಹೆಪ್ಪುಗಟ್ಟಿರುತ್ತದೆ. ನೀರು ಕೆಳಗೆ ಇಂಗಲು ಜಾಗವಿಲ್ಲ. ಹಾಗಾಗಿ ಮೇಲಿನ ನಾಲ್ಕೈದು ಇಂಚು ಮಣ್ಣು ಪೂರ್ತಿ ನೆನೆದು ಸಡಿಲವಾಗಿರುತ್ತದೆ. ಆಗ ಟ್ರೇಲ್ ಅಂಚಿನಲ್ಲಿ ಕಾಲಿಟ್ಟರೆ ಪಾಚಿ, ಎಳೆ ಗಿಡ, ಮರದ ಬೇರಿನ ಮೇಲಿನ ಮಣ್ಣು ಎಲ್ಲ ಒಟ್ಟಿಗೆ ಕಿತ್ತು ಬರುತ್ತದೆ. ನಿಮ್ಮ ಹಿಂದೆ ಬರುವವರು ಅದೇ ಹೊಸ ದಾರಿ ಹಿಡಿಯುತ್ತಾರೆ. ಮುಂದಿನ ಮಳೆಗೆ ನೀರೂ ಅದೇ ದಾರಿ ಹಿಡಿಯುತ್ತದೆ. ಎರಡಡಿ ಅಗಲದ ಕಾಲುದಾರಿ ಕೆಲವೇ ವರ್ಷಗಳಲ್ಲಿ ಹತ್ತಡಿ ಕೊರಕಲು ಆಗುತ್ತದೆ. ಅದನ್ನು ಸರಿಮಾಡುವವರು ಹೆಗಲ ಮೇಲೆ ಕಲ್ಲು ಹೊತ್ತು ಮೇಲೆ ಹೋಗಬೇಕು. ಸುಮ್ನೆ ಒಂದು ಜೊತೆ ಶೂ ಉಳಿಸಲು ಅವರಿಗೆ ಅಷ್ಟು ಕೆಲಸ ಕೊಡುವುದು ನ್ಯಾಯವಲ್ಲ.

ಆದ್ದರಿಂದ ಕೆಸರಿನ ಮಧ್ಯದಲ್ಲೇ ನಡೆಯಿರಿ. ಕಲ್ಲು ಸಿಕ್ಕರೆ ಕಲ್ಲಿನ ಮೇಲೆ, ಇಲ್ಲದಿದ್ದರೆ ಕೆಸರಿನಲ್ಲೇ. ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರು ಮೊದಲೇ ಹೋಗಿ ನಿಂತಿರುತ್ತಾರೆ. ದೊಡ್ಡವರಿಗೇ ಹೇಳಬೇಕು. ದಾರಿ ಪೂರ್ತಿ ಕೆಸರೇ ಇದೆ, ಪಕ್ಕಕ್ಕೆ ಹೋಗದೆ ವಿಧಿಯಿಲ್ಲ ಅನ್ನುವಂತಿದ್ದರೆ ಅದು ಹಿಂತಿರುಗುವ ದಿನ. ಪಕ್ಕದ ವರ್ಮಾಂಟ್ ರಾಜ್ಯದಲ್ಲಿ ಟ್ರೇಲ್‌ಗಳನ್ನು ನೋಡಿಕೊಳ್ಳುವ ಗ್ರೀನ್ ಮೌಂಟನ್ ಕ್ಲಬ್‌ನವರು ಮೇ ಕೊನೆಯ ಮೆಮೋರಿಯಲ್ ಡೇ ತನಕ ಎತ್ತರದ ಟ್ರೇಲ್‌ಗಳಿಗೆ ಬರಬೇಡಿ ಅಂತಲೇ ಕೇಳಿಕೊಳ್ಳುತ್ತಾರೆ.

ಬಟ್ಟೆ, ಶೂ ಹೇಗಿರಬೇಕು?

ಜೀನ್ಸ್ ಬೇಡ, ಕಾಟನ್ ಟೀ ಶರ್ಟೂ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಮೈ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಜಿಮ್‌ಗೆ ಹಾಕುವ ಪಾಲಿಯೆಸ್ಟರ್ ಬನಿಯನ್, ಮೇಲೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಟೋಪಿ, ಕೈಗವಸು ಮೇ ತಿಂಗಳಲ್ಲೂ ಇರಲಿ. ನೀರು ಒಳಗೆ ಬಾರದ, ಅಡಿ ಒರಟಾಗಿರುವ ಬೂಟು. ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲದಲ್ಲಿ, ಇನ್ನೊಂದು ಜೊತೆ ಕಾರಿನಲ್ಲಿ.

ಬರೀ ಮೂರು ಸಾವಿರ ಅಡಿ ಬೆಟ್ಟ. ತುದಿಯಲ್ಲಿ ಮರವೇ ಇಲ್ಲವಲ್ಲ, ಯಾಕೆ?

ಚಳಿಯಿಂದ ಅಲ್ಲ, ಬೆಂಕಿಯಿಂದ. 1800ರ ಆಸುಪಾಸಿನಲ್ಲಿ ಇಲ್ಲಿನ ರೈತರು ಹುಲ್ಲುಗಾವಲಿಗಾಗಿ ಬೆಟ್ಟದ ಇಳಿಜಾರಿಗೆ ಬೆಂಕಿ ಹಾಕಿದರು. ಅದು ಮೇಲಿನ ಸ್ಪ್ರೂಸ್ ಕಾಡಿಗೂ ಹತ್ತಿತು. ಸತ್ತ ಮರಗಳು ಬಿರುಗಾಳಿಗೆ ಉರುಳಿ ರಾಶಿಬಿದ್ದವು. ಆ ರಾಶಿಯಲ್ಲಿ ತೋಳಗಳು ಮರಿ ಹಾಕಿ ಕುರಿಗಳನ್ನು ಹಿಡಿಯುತ್ತಿವೆ ಅಂತ 1820ರ ಸುಮಾರಿಗೆ ಮತ್ತೆ ಬೆಂಕಿ ಕೊಟ್ಟರು. ಈ ಸಲ ಮಣ್ಣೂ ಸುಟ್ಟಿತು. ಉಳಿದದ್ದನ್ನು ಮಳೆ ತೊಳೆದುಕೊಂಡು ಹೋಯಿತು. ಬರೀ ಬಂಡೆ ಉಳಿಯಿತು. ಇನ್ನೂರು ವರ್ಷವಾದರೂ ಮೇಲೆ ಕಾಡು ಮರಳಿಲ್ಲ. ಬಂಡೆಯ ಬಿರುಕಿನಲ್ಲಿ ಬೆರಳೆಣಿಕೆಯ ಕುಳ್ಳ ಸ್ಪ್ರೂಸ್ ಗಿಡಗಳು, ಚಿಟಿಕೆ ಮಣ್ಣು ಹಿಡಿದು ಕೂತ ಸಣ್ಣ ಸಸ್ಯಗಳು ಕಾಣುತ್ತವೆ. ದಯವಿಟ್ಟು ಅವುಗಳ ಮೇಲೆ ಕಾಲಿಡಬೇಡಿ. ಬಂಡೆಯ ಮೇಲೆ ಎಷ್ಟು ಬೇಕಾದರೂ ಓಡಾಡಿ.

ಚಾರಣಿಗರಿಗೆ ಇದರ ಅರ್ಥ ಇಷ್ಟೇ. ಕಾಡಿನಿಂದ ಹೊರಬಂದ ಕೂಡಲೇ ತಡೆ ಅನ್ನುವುದೇ ಇಲ್ಲ. ಸುತ್ತ ಬೇರೆ ಎತ್ತರದ ಬೆಟ್ಟವೂ ಇಲ್ಲ. ಕೆಳಗೆ ಅಂಗಿಯಲ್ಲಿ ಬೆವರುತ್ತಿದ್ದವರು ಮೇಲೆ ನಡುಗುತ್ತಾರೆ. ಮರಗಳು ಮುಗಿಯುವ ಮುಂಚೆ, ಇನ್ನೂ ಬೆಚ್ಚಗಿರುವಾಗಲೇ ಜಾಕೆಟ್ ಹಾಕಿಕೊಳ್ಳಿ. ಶುಭ್ರ ದಿನವಾದರೆ ತುದಿಯಿಂದ ಬಾಸ್ಟನ್‌ನ ಎತ್ತರದ ಕಟ್ಟಡಗಳು ಕಾಣುತ್ತವೆ.

ಎಷ್ಟು ಗಂಟೆಗೆ ಶುರು ಮಾಡಬೇಕು?

ಎಂಟು ಗಂಟೆಗೆ ಟ್ರೇಲ್ ಮೇಲೆ ಇರಿ. ಏಪ್ರಿಲ್ ಮಧ್ಯದಲ್ಲಿ ಏಳೂವರೆಗೆ ಸೂರ್ಯ ಮುಳುಗುತ್ತಾನೆ, ಆದರೆ ಮಧ್ಯಾಹ್ನ ಮೂರರ ನಂತರ ನೆರಳಿನ ಕಡೆ ಕರಗಿದ ನೀರು ಮತ್ತೆ ಗಟ್ಟಿಯಾಗಲು ಶುರುವಾಗಬಹುದು. ಒಂದು ಗಂಟೆಗೆ ಎಲ್ಲಿದ್ದರೂ ವಾಪಸ್ ಅಂತ ಪಾರ್ಕಿಂಗ್‌ನಲ್ಲೇ ಎಲ್ಲರೂ ಮಾತಾಡಿಕೊಳ್ಳಿ. ಮೇಲೆ ಹೋದ ಮೇಲೆ ಆ ಮಾತು ತೆಗೆಯುವುದು ಯಾರಿಗೂ ಸುಲಭವಲ್ಲ.

ಉಣ್ಣಿ ಕಾಟ ಇದೆಯಂತೆ. ಅಷ್ಟು ಹೆದರಬೇಕಾ?

ಹೆದರುವುದು ಬೇಡ, ಹುಡುಕುವುದು ಬೇಕು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. ಕಾಡಿಗೆ ಹೋಗುವ ಮುಂಚೆ ಮೈಗೆ ಎಣ್ಣೆ ಹಚ್ಚುವುದು, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡುವುದು ಅಲ್ಲಿ ರೂಢಿ. ಇಲ್ಲಿನ ಕಾಯಿಲೆ ಲೈಮ್. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಬೇಗ ಗೊತ್ತಾದರೆ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಕನೆಕ್ಟಿಕಟ್‌ನ ಲೈಮ್ ಅನ್ನುವ ಊರಿನಲ್ಲಿ 1970ರ ದಶಕದಲ್ಲಿ ಗುರುತಿಸಿದ್ದರಿಂದ ಆ ಹೆಸರು.

ಮೇ, ಜೂನ್‌ನಲ್ಲಿ ಎಳೆ ಉಣ್ಣಿಗಳು ಏಳುತ್ತವೆ. ಗಸಗಸೆ ಕಾಳಿನಷ್ಟು ಸಣ್ಣವು. ಕಚ್ಚಿದ್ದು ನೋಯುವುದಿಲ್ಲ, ಕೆರೆಯುವುದೂ ಇಲ್ಲ. ಅದಕ್ಕೇ ಕಣ್ಣಿನಿಂದ ಹುಡುಕಬೇಕು. ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಬಟ್ಟೆಗೆ ಹಿಂದಿನ ದಿನವೇ ಉಣ್ಣಿ ಕೊಲ್ಲುವ ಪರ್ಮೆಥ್ರಿನ್ ಔಷಧಿ ಸಿಂಪಡಿಸಿ ಒಣಗಿಸಿ. ಅದು ಬಟ್ಟೆಗೆ ಮಾತ್ರ, ಮೈಗಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಒಣಗುವವರೆಗೆ ದೂರ ಇಡಿ, ಬೆಕ್ಕಿಗೆ ಅದು ವಿಷ. ಚರ್ಮಕ್ಕೆ ಉಣ್ಣಿಯನ್ನು ದೂರ ಇಡುವ, ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮು.

ಮನೆಗೆ ಬಂದ ತಕ್ಷಣ ಸ್ನಾನ. ಮಂಡಿಯ ಹಿಂಭಾಗ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ, ಮಕ್ಕಳ ತಲೆಕೂದಲು ಎಲ್ಲ ನೋಡಿ. ಬಟ್ಟೆಯನ್ನು ಡ್ರೈಯರ್‌ನಲ್ಲಿ ಜೋರು ಬಿಸಿಗೆ ಹಾಕಿ. ಕಚ್ಚಿಕೊಂಡಿದ್ದು ಸಿಕ್ಕರೆ ಸಣ್ಣ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡವೇ ಬೇಡ. ಸಾಮಾನ್ಯವಾಗಿ ಉಣ್ಣಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಲೈಮ್ ತಗಲುತ್ತದೆ. ಅದೇ ರಾತ್ರಿ ಹುಡುಕಿದರೆ ಹೆಚ್ಚಿನ ಅಪಾಯ ಅಲ್ಲೇ ಮುಗಿಯಿತು. ಆಮೇಲೆ ಒಂದು ತಿಂಗಳೊಳಗೆ ಜ್ವರ ಬಂದರೆ, ಅಥವಾ ಕೆಂಪು ಗುರುತು ದಿನೇದಿನೇ ದೊಡ್ಡದಾದರೆ ಡಾಕ್ಟರಿಗೆ ತೋರಿಸಿ, ಉಣ್ಣಿ ಕಚ್ಚಿತ್ತು ಅಂತ ಬಾಯಿಬಿಟ್ಟು ಹೇಳಿ.

ಕಪ್ಪು ನೊರಜು ಎಷ್ಟು ದಿನ ಇರುತ್ತದೆ?

ಮೇ ತಿಂಗಳ ಅಮ್ಮಂದಿರ ದಿನದಿಂದ ಜೂನ್‌ನ ಅಪ್ಪಂದಿರ ದಿನದವರೆಗೆ ಅಂತ ಇಲ್ಲಿನವರ ಲೆಕ್ಕ. ಹರಿಯುವ ಶುದ್ಧ ನೀರಿನಲ್ಲಿ ಹುಟ್ಟುತ್ತವೆ. ಹಗಲೇ ಕಚ್ಚುತ್ತವೆ, ಕೂದಲಿನ ಅಂಚು ಮತ್ತು ಕಿವಿಯ ಹಿಂದೆ. ಗಾಳಿ ಬೀಸುವ ದಿನ ಹಾರಲಾರವು. ಕಪ್ಪು, ಕಡುನೀಲಿ ಬಟ್ಟೆ ಬಿಟ್ಟು ತಿಳಿ ಬಣ್ಣ ಹಾಕಿ. ತಲೆಗೆ ಹಾಕುವ ಬಲೆಗೆ ಹೆಚ್ಚು ದುಡ್ಡಾಗುವುದಿಲ್ಲ, ಮುಷ್ಟಿಯಲ್ಲಿ ಹಿಡಿಸುತ್ತದೆ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕರೆದುಕೊಂಡು ಹೋಗಬಹುದಾ?

ಏಪ್ರಿಲ್‌ನಲ್ಲಿ ಬೇಡ. ದಿನಾ ನಡೆಯುವ ಅಭ್ಯಾಸ ಇದೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ್ದಾರೆ ಅನ್ನುವುದು ನಿಜವೇ ಇರಬಹುದು. ಆದರೆ ಇಲ್ಲಿ ಮೆಟ್ಟಿಲಿಲ್ಲ, ಐಸ್ ಮೇಲೆ ನಡೆದ ಅಭ್ಯಾಸ ಅವರಿಗಿಲ್ಲ. ಬಿದ್ದರೆ ಸೊಂಟ, ಮಣಿಕಟ್ಟು. ಮೇಲಾಗಿ ವಿಸಿಟರ್ ವೀಸಾದವರ ವಿಮೆ ಎಷ್ಟರಮಟ್ಟಿಗೆ ಕೈಹಿಡಿಯುತ್ತದೆ ಅನ್ನುವ ಚಿಂತೆ ಬೇರೆ.

ಅವರಿಗೆ ಬೆಟ್ಟದ ಮೇಲಿನ ನೋಟ ತೋರಿಸಲೇಬೇಕು ಅನ್ನಿಸಿದರೆ ಪೀಟರ್‌ಬರೋ ಹತ್ತಿರದ ಮಿಲ್ಲರ್ ಸ್ಟೇಟ್ ಪಾರ್ಕ್‌ಗೆ ಹೋಗಿ. ಅಲ್ಲಿನ ಪ್ಯಾಕ್ ಮೊನಾಡ್ನಾಕ್ ಬೆಟ್ಟದ ತುದಿಯವರೆಗೆ ಕಾರು ಹೋಗುತ್ತದೆ. ಚಳಿಗಾಲದಲ್ಲಿ ಆ ರಸ್ತೆ ಮುಚ್ಚಿರುತ್ತದೆ, ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ. ತುದಿಯಿಂದ ದೊಡ್ಡ ಮೊನಾಡ್ನಾಕ್ ಎದುರಿಗೇ ಕಾಣುತ್ತದೆ. ಬುತ್ತಿ ಬಿಚ್ಚಿ ಕೂರಲು ಒಳ್ಳೆಯ ಜಾಗ.

ಮಕ್ಕಳಾದರೆ ಏಳೆಂಟು ವರ್ಷದ ಮೇಲಿನವರು ಮೇ ಕೊನೆಯಲ್ಲಿ ಆರಾಮಾಗಿ ಹತ್ತುತ್ತಾರೆ. ಬೆನ್ನಿಗೆ ಕಟ್ಟಿದ ಕೂಸಿನೊಂದಿಗೆ ಒದ್ದೆ ಬಂಡೆ ಹತ್ತುವುದು ಬೇಡ.

ನಾಯಿ?

ಈ ಪಾರ್ಕ್‌ನಲ್ಲಿ ನಾಯಿಗೆ ಪ್ರವೇಶವಿಲ್ಲ. ಕಾರಿನಲ್ಲೂ ಬಿಟ್ಟು ಹೋಗಬೇಡಿ.

ಪಾರ್ಕಿಂಗ್ ಸಿಗುತ್ತದಾ?

ಸ್ಟೇಟ್ ಪಾರ್ಕ್ ವೆಬ್‌ಸೈಟ್‌ನಲ್ಲಿ ಮೊದಲೇ ಬುಕ್ ಮಾಡಿ, ಶುಲ್ಕವನ್ನೂ ಅಲ್ಲೇ ನೋಡಿ. ಬಿಸಿಲಿರುವ ಶನಿವಾರ, ಭಾನುವಾರ ಬುಕ್ ಮಾಡದೆ ಹೋದರೆ ಗೇಟಿನಿಂದಲೇ ವಾಪಸ್ ಬರಬೇಕಾದೀತು.

ಚೀಲದಲ್ಲಿ ಏನೇನು? ಊಟಕ್ಕೆ?

ನಕ್ಷೆ, ದಿಕ್ಸೂಚಿ, ಹೆಡ್‌ಲ್ಯಾಂಪ್, ಹೆಚ್ಚುವರಿ ಬೆಚ್ಚನೆ ಬಟ್ಟೆ, ಮಳೆ ಜಾಕೆಟ್ಟು ಪ್ಯಾಂಟು, ಬೆಂಕಿಪೊಟ್ಟಣ, ಪ್ರಥಮ ಚಿಕಿತ್ಸೆಯ ಡಬ್ಬಿ, ಸೀಟಿ, ಚಾಕು, ತಲಾ ಎರಡು ಲೀಟರ್ ನೀರು. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಫಿಲ್ಟರ್ ಮಾಡದೆ ಕುಡಿಯಬೇಡಿ.

ಊಟಕ್ಕೆ ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಕೈಗವಸು ಹಾಕಿಕೊಂಡೇ ತಿನ್ನಬಹುದು. ಚಿತ್ರಾನ್ನ ತಂದರೆ ತುದಿಯ ಗಾಳಿಗೆ ಅನ್ನ ತಣ್ಣಗೆ ಗಟ್ಟಿಯಾಗುತ್ತದೆ, ಅದನ್ನು ಕಾಡಿನೊಳಗೇ ಮುಗಿಸಿ. ಜೇಬಿನಲ್ಲಿ ಚಿಕ್ಕಿ, ಥರ್ಮಾಸ್‌ನಲ್ಲಿ ಬಿಸಿ ತಿಳಿಸಾರು. ಕಿತ್ತಳೆ ಸಿಪ್ಪೆ ಸಮೇತ ಕಸವೆಲ್ಲ ವಾಪಸ್ ತನ್ನಿ.

ಫೋನ್ ಇದ್ದರೆ ಸಾಕಲ್ವಾ? ತೊಂದರೆಯಾದರೆ ಯಾರು ಬರುತ್ತಾರೆ?

ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಫೋನನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಕಾಗದದ್ದೂ ಒಂದು ಇರಲಿ. ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹುಡುಕಾಟ, ರಕ್ಷಣೆಯ ಹೊಣೆ ಫಿಶ್ ಅಂಡ್ ಗೇಮ್ ಇಲಾಖೆಯದು. ಜೊತೆಗೆ ಸ್ವಯಂಸೇವಕರು ಕೆಲಸ ಬಿಟ್ಟು ಬರುತ್ತಾರೆ. ನಿರ್ಲಕ್ಷ್ಯದಿಂದ ಸಿಕ್ಕಿಹಾಕಿಕೊಂಡವರಿಂದ ಖರ್ಚು ವಸೂಲಿ ಮಾಡಲು ಕಾನೂನಿದೆ. ಹೈಕ್ ಸೇಫ್ ಕಾರ್ಡ್ ಅಂತ ಒಂದಿದೆ, ಒಬ್ಬರಿಗೆ ವರ್ಷಕ್ಕೆ 25 ಡಾಲರ್, ಕುಟುಂಬಕ್ಕೆ 35. ಅದಿದ್ದರೆ ಆ ಖರ್ಚಿನಿಂದ ವಿನಾಯಿತಿ, ಬೇಕಂತಲೇ ಹುಚ್ಚು ಸಾಹಸ ಮಾಡಿದವರಿಗೆ ಬಿಟ್ಟು. ದುಡ್ಡು ರಕ್ಷಣೆಯ ಕೆಲಸಕ್ಕೇ ಹೋಗುತ್ತದೆ. ಬೆಟ್ಟ ಹತ್ತುವವರೆಲ್ಲ ತೆಗೆದುಕೊಳ್ಳಲಿ ಅನ್ನುವುದು ನನ್ನ ಆಸೆ.

ಇಷ್ಟೆಲ್ಲ ಕಷ್ಟಪಟ್ಟು ವಸಂತದಲ್ಲೇ ಯಾಕೆ ಹೋಗಬೇಕು?

ಕೆಳಗಿನ ಕಾಡಿಗಾಗಿ. ಮೇಪಲ್, ಬೀಚ್ ಎಲೆ ಬಿಡಲು ಮೇ ಮಧ್ಯವಾಗುತ್ತದೆ. ಅದಕ್ಕೆ ಮುಂಚೆ ನೆಲಕ್ಕೆ ಬೀಳುವ ಬಿಸಿಲಿನ ಎರಡು ಮೂರು ವಾರದಲ್ಲೇ ಕಾಡಿನ ಸಣ್ಣ ಹೂಗಳು ಅರಳಿ ಕೆಲಸ ಮುಗಿಸಬೇಕು. ಟ್ರಿಲಿಯಮ್ ನೋಡಿ. ಎಲೆ ಮೂರು, ಹೂವಿನ ದಳ ಮೂರು. ಕೆಂಪು ಜಾತಿಯದು ತಲೆ ಬಗ್ಗಿಸಿರುತ್ತದೆ, ಹತ್ತಿರ ಹೋದರೆ ಕೊಳೆತ ಮಾಂಸದ ವಾಸನೆ. ಆ ವಾಸನೆಗೇ ನೊಣ ಬಂದು ಪರಾಗ ಹರಡುತ್ತದೆ. ಸ್ವಲ್ಪ ಮೇಲೆ, ಸ್ಪ್ರೂಸ್ ಶುರುವಾಗುವ ಕಡೆ ಬಿಳಿ ದಳದ ಬುಡದಲ್ಲಿ ಕುಂಕುಮ ಎಳೆದಂಥ ಗುಲಾಬಿ ಗೆರೆಯ ಇನ್ನೊಂದು ಜಾತಿ. ಟ್ರಿಲಿಯಮ್ ಬೀಜದಿಂದ ಹೂ ಬಿಡುವ ಹಂತಕ್ಕೆ ಬರಲು ಹಲವು ವರ್ಷ ಹಿಡಿಯುತ್ತದೆ. ಕಿತ್ತರೆ ಮುಂದಿನ ವರ್ಷಕ್ಕೆ ಬೇಕಾದ ಆಹಾರ ಮಾಡುವ ಎಲೆಗಳೂ ಜೊತೆಗೇ ಬರುತ್ತವೆ. ಫೋಟೋ ಸಾಕು.

ದಾರಿ ಪಕ್ಕದ ತಗ್ಗಿನಲ್ಲಿ ಕರಗಿದ ನೀರು ನಿಂತಿದ್ದರೆ ಎರಡು ನಿಮಿಷ ಸುಮ್ಮನೆ ನಿಲ್ಲಿ. ಬೇಸಿಗೆಗೆ ಒಣಗಿಹೋಗುವ ಈ ಹೊಂಡಗಳಲ್ಲಿ ಮೀನು ಇರುವುದಿಲ್ಲ. ಮರಿಗಳನ್ನು ತಿನ್ನುವವರಿಲ್ಲ ಅಂತ ಕಾಡುಕಪ್ಪೆಗಳು ಮೊಟ್ಟೆ ಇಡಲು ಇಲ್ಲಿಗೇ ಬರುತ್ತವೆ. ಏಪ್ರಿಲ್‌ನಲ್ಲಿ ಅವುಗಳ ಕೂಗು ಬಾತುಕೋಳಿ ಕೂಗಿದಂತೆ ಕೇಳುತ್ತದೆ. ನಿಮ್ಮ ಹೆಜ್ಜೆ ಸದ್ದಿಗೆ ಎಲ್ಲ ಒಟ್ಟಿಗೆ ನಿಲ್ಲಿಸುತ್ತವೆ, ಸ್ವಲ್ಪ ಹೊತ್ತಿಗೆ ಒಂದು ಧೈರ್ಯ ಮಾಡಿ ಶುರು ಮಾಡುತ್ತದೆ. ಏಪ್ರಿಲ್‌ನ ಮಳೆ ರಾತ್ರಿಗಳಲ್ಲಿ ಅವು ಹೊಂಡ ಹುಡುಕಿಕೊಂಡು ರಸ್ತೆ ದಾಟುತ್ತವೆ. ಜಾಫ್ರಿಯಿಂದ ಕತ್ತಲಾದ ಮೇಲೆ ಮನೆಗೆ ಹೊರಟಿದ್ದರೆ ಕಾಡಿನ ನಡುವಿನ ರಸ್ತೆಯಲ್ಲಿ ಕಾರು ನಿಧಾನಕ್ಕೆ ಓಡಿಸಿ.